ಬಾಸಿಂಗದ ಹಳದಿ

ಗಾಯದ ಭಾಷೆಯನ್ನು ನಾನು ಕಲಿತದ್ದು ಆಸ್ಪತ್ರೆಯಲ್ಲಿ ಅಲ್ಲ, ಅರಳಸುರಳಿಯಲ್ಲಿ, ನನ್ನ ಸೋದರತ್ತೆಯ ಬಾಯಿಂದ. ಅವಳು ಗಾಯವನ್ನು ಮನೆಗೆ ಬಂದು ಕೂತ ನೆಂಟರ ಹಾಗೆ ಕಾಣುತ್ತಿದ್ದಳು. "ಇವತ್ತು ಸಿಟ್ಟಲ್ಲಿದೆ, ಮುಟ್ಟಬೇಡಿ" ಅನ್ನುವಳು. "ನಿನ್ನೆಗಿಂತ ಸಮಾಧಾನ ಆಗಿದೆ" ಅನ್ನುವಳು. ಮಾಯಲು ಶುರುವಾದರೆ "ಹೊರಡೋ ಮನಸ್ಸು ಮಾಡಿದೆ" ಎನ್ನುವಳು. ಊರಲ್ಲಿ ಯಾರಿಗೆ ಕತ್ತಿ ತಾಗಲಿ, ಯಾರ ಕಾಲಿಗೆ ಬಿದಿರಿನ ಕೂಳೆ ನೆಡಲಿ, ಬರುವುದು ಅವಳ ಜಗಲಿಗೆ. ಅವಳ ಸಾಮಾನು ಮೂರೇ ಮೂರು: ಅರಿಸಿನ, ಕೊಬ್ಬರಿ ಎಣ್ಣೆ, ಹಳೆಯ ಪಂಚೆಯ ಚೂರು. ಪಂಚೆ ಹಳತಾದಷ್ಟೂ ಒಳ್ಳೆಯದೆಂದು ಅವಳ ಲೆಕ್ಕ. ಹೊಸ ಬಟ್ಟೆಗೆ ಗಂಜಿಯ ಸೊಕ್ಕು ಇರುತ್ತದಂತೆ. ನೂರು ಸಲ ಒಗೆಸಿಕೊಂಡ ಬಟ್ಟೆಗೆ ಮಾತ್ರ ಗಾಯದ ಪಕ್ಕ ಕೂರುವ ಸೌಮ್ಯತೆ ಬರುತ್ತದಂತೆ.

ಆ ಮಾತನ್ನು ನಾನು ನಗುತ್ತಾ ಕೇಳಿದ್ದೆ. ಮುಂದೆ ಒಂದು ದಿನ ಅದೇ ಮಾತು ನನ್ನ ಎದುರು ಬಂದು ನಿಲ್ಲುತ್ತದೆಂದು ಗೊತ್ತಿರಲಿಲ್ಲ.

ಸಾಗರದಲ್ಲಿ ಡ್ರೆಸ್ಸರ್ ಕೆಲಸ ಕಲಿತು, ಹೊಸನಗರ ಸೀಮೆಯ ಒಂದು ಸಣ್ಣ ಔಷಧಾಲಯಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಅತ್ತ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಇತ್ತ ನಮ್ಮ ಕಡೆ ಶರಾವತಿ ದಂಡೆಯ ಹಳ್ಳಿಗಳು ಮುಳುಗಡೆಗೆ ಸಿಕ್ಕು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತಿದ್ದವು. ಗಾಯ ಕಟ್ಟುವುದು ನನ್ನ ಕೆಲಸ. ಹುದ್ದೆಯ ಹೆಸರು ಡ್ರೆಸ್ಸರ್ ಆದರೂ ಜನರ ಬಾಯಲ್ಲಿ ನಾನು ಕಂಪೌಂಡರೇ. ಔಷಧಾಲಯದಲ್ಲಿ ಇದ್ದವರು ಮೂವರು: ಡಾಕ್ಟರು, ನಾನು, ನೀರು ತರುವ ಮುದುಕ.

ಬೆಳಿಗ್ಗೆ ಬಂದವನೇ ಮೊದಲು ಮಾಡುತ್ತಿದ್ದದ್ದು ಬಟ್ಟೆಯ ಕೆಲಸ. ಗಾಜ್ ಬಟ್ಟೆ ಎಂದರೆ ನೀವು ನೋಡಿರುತ್ತೀರಿ, ಎಳೆ ಎಳೆಯ ನಡುವೆ ಬೆಳಕು ಕಾಣುವಂಥ ತೆಳ್ಳನೆಯ ಹತ್ತಿ ಬಟ್ಟೆ. ಅದರ ದೊಡ್ಡ ಥಾನನ್ನು ಮೇಜಿನ ಮೇಲೆ ಬಿಚ್ಚಿ ಅಂಗೈ ಅಗಲಕ್ಕೆ ಕತ್ತರಿಸಬೇಕು. ಕತ್ತರಿಸಿದ ಅಂಚು ಒಳಗೆ ಹೋಗುವಂತೆ ಮಡಿಸಬೇಕು, ಇಲ್ಲದಿದ್ದರೆ ಬಿಡಿ ದಾರ ಗಾಯದಲ್ಲಿ ಉಳಿಯುತ್ತದೆ. ಮಡಿಸಿದ್ದನ್ನು ಹಬೆಯಲ್ಲಿ ಬೇಯಿಸಿ, ಆಮೇಲೆ ಅಕ್ರಿಫ್ಲೇವಿನ್ ಎಂಬ ಹಳದಿ ಔಷಧಿಯ ನೀರಿನಲ್ಲಿ ಅದ್ದಿ, ಹಿಂಡಿ, ನೆರಳಿನಲ್ಲಿ ಒಣಗಿಸಿ, ಶುದ್ಧ ಕಾಗದದಲ್ಲಿ ಸುತ್ತಿಡುವುದು. ಬರೀ ಬಟ್ಟೆ ಗಾಯವನ್ನು ಮುಚ್ಚುತ್ತದೆ, ಅಷ್ಟೇ. ಈ ಹಳದಿ ಬಟ್ಟೆ ಕೀವಿನ ಕ್ರಿಮಿಯನ್ನು ಗಾಯದಲ್ಲಿ ಬೆಳೆಯಲು ಬಿಡುವುದಿಲ್ಲ. ಎಳೆ ಎಳೆಯಲ್ಲೂ ಕಾವಲು ಕೂತಿರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಡಾಕ್ಟರು ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಒಂದೇ ಹನಿ ಆ ಔಷಧಿ ಬಿಟ್ಟು ಕಿಟಕಿಯ ಬಿಸಿಲಿಗೆ ಹಿಡಿದಿದ್ದರು.

"ಎಂತ ಬಣ್ಣ ಕಾಣ್ತದೆ?"

"ಹಳದಿ."

"ಓರೆಯಿಂದ ನೋಡು ಮಾರಾಯ."

ಓರೆಯಿಂದ ನೋಡಿದರೆ ಹಳದಿ ನೀರಿನ ಮೈಮೇಲೆ ಹಸಿರು ಹೊಳಪು, ಜೀರುಂಡೆಯ ರೆಕ್ಕೆಯ ಹಾಗೆ. "ಇದು ಈ ಔಷಧಿಯ ಗುರುತು" ಎಂದರು. "ಬೇರೆ ಯಾವ ಹಳದಿಗೂ ಇದು ಬರಲ್ಲ." ಚಂದದ ಆಟವೆಂದು ನೋಡಿ, ಮರೆತುಬಿಟ್ಟೆ.

ಮರಗೆತ್ತನೆಯ ಗುಡಿಗಾರರೊಬ್ಬರು ಬಂದದ್ದು ಬೇಸಿಗೆಯ ಆರಂಭದಲ್ಲಿ, ಹೆಂಡತಿಯ ಜೊತೆ. ಸಾಗರದ ಗುಡಿಗಾರರ ಮನೆತನದವರು. ಗಂಧದ ಮರದಲ್ಲಿ ಉಗುರಿನಷ್ಟು ಜಾಗದಲ್ಲಿ ಆನೆಯ ಸಾಲು ಕೆತ್ತುವ ಕೈ. ಮುಳುಗಡೆಯ ಒಂದು ಹಳ್ಳಿಯವರು ಊರು ಬಿಟ್ಟು ಎತ್ತರದ ಕಾಡಂಚಿಗೆ ಬಂದು ಗುಡಿಸಲು ಹಾಕಿಕೊಂಡಿದ್ದರು. ಅವರ ಅಮ್ಮನವರ ಮೂರ್ತಿಯನ್ನೂ ಹಳೆಯ ಊರಿನಿಂದ ತರಬೇಕಿತ್ತು. ನೀರು ಬರುವ ಮೊದಲು ಹೊಸ ಗುಡಿಗೆ ಬಾಗಿಲುವಾಡ, ಅಂದರೆ ಕೆತ್ತನೆಯ ಬಾಗಿಲ ಚೌಕಟ್ಟು, ಆಗಬೇಕೆಂದು ಇವರನ್ನು ಕರೆಸಿದ್ದರು. ಗಂಡ ಹೆಂಡತಿ ಇಬ್ಬರೇ ಬಂದು ಅಲ್ಲೇ ಒಂದು ಸೋಗೆ ಮಾಡಿನ ಕೆಳಗೆ ಬಿಡಾರ ಹೂಡಿದ್ದರು. ಅವರು ಆ ಚೌಕಟ್ಟಿನ ಹಲಸಿನ ದಾರಂದ ಕೆತ್ತುವುದು, ಆಕೆ ಅಡುಗೆಯಾದ ಮೇಲೆ ಬೆಂಡಿನಲ್ಲಿ ಮದುವೆಯ ಬಾಸಿಂಗ ಕಟ್ಟುವುದು. ಗುಡಿಗಾರರ ಮನೆಯಲ್ಲಿ ಗಂಡಸರಿಗೆ ಮರ, ಹೆಂಗಸರಿಗೆ ಬೆಂಡು. ಬೆಂಡನ್ನು ಹಾಳೆಯ ಹಾಗೆ ಸೀಳಿ, ಹೂವಿನ ಎಸಳು ಮಾಡಿ, ಕೆಂಪು ಹಳದಿ ಬಣ್ಣ ಕಟ್ಟಿ, ವಧೂವರರ ಹಣೆಗೆ ಬರುವ ಬಾಸಿಂಗ ಮಾಡುವುದರಲ್ಲಿ ಆಕೆಯ ಕೈ ಗಂಡನ ಕೈಗಿಂತ ಕಮ್ಮಿಯಲ್ಲ.

ಗುಡಿಗಾರರು ಎಡಗೈ ಮುಂದೆ ಹಿಡಿದರು. ಹೆಬ್ಬೆರಳು ಬದನೆಕಾಯಿಯ ಹಾಗಿತ್ತು.

"ಹಲಸಿನ ಸಿಬಿರು ಹೋಗಿತ್ತು" ಎಂದರು. "ತೆಗೆದೆ. ಗಂಧ ತೇದು ಹಚ್ಚಿದೆ. ಕೇಳಲಿಲ್ಲ."

"ಎಷ್ಟು ದಿನ ಆಯ್ತು?" ಡಾಕ್ಟರು ಕೇಳಿದರು.

ಉತ್ತರ ಹೆಂಡತಿಯಿಂದ ಬಂತು. "ಅವರು ಎಲ್ಲಿ ಲೆಕ್ಕ ಇಡ್ತಾರೆ ಡಾಕ್ಟ್ರೆ? ಬಳ್ಳಿಯ ಎಲೆ ಎಷ್ಟು ಕೆತ್ತಿದೆ ಅಂತ ಕೇಳಿ, ಸರಿಯಾಗಿ ಹೇಳ್ತಾರೆ."

ಡಾಕ್ಟರು ಬೆರಳನ್ನು ಸೀಳಿ ಕೀವು ತೆಗೆದರು. ಉಗುರಿನ ಬುಡದಲ್ಲಿ ಇನ್ನೊಂದು ಚೂರು ಸಿಬಿರು ಇತ್ತು. ಆ ಮನುಷ್ಯ ಹಲ್ಲು ಕಚ್ಚಿ ಕೂತಿದ್ದರು. ನಾನು ಆ ಬಾಯಿ ತೆರೆದ ಗಾಯದೊಳಗೆ ಹಳದಿ ಬಟ್ಟೆಯನ್ನು ಸೇರಿಸಿ, ಮೇಲೆ ಹತ್ತಿ ಇಟ್ಟು ಕಟ್ಟಿದೆ. ಆಗ ಅವರು ಮೆಲ್ಲಗೆ ಕೇಳಿದರು:

"ಕಂಪೌಂಡ್ರೆ, ಈ ಬೆರಳು ನಿಲ್ತದಲ್ಲ? ಕೊಡತಿ ಹೊಡೆಯೋದು ಬಲಗೈ. ಅದು ಎತ್ತಿನ ಕೆಲಸ, ಯಾರೂ ಮಾಡ್ತಾರೆ. ಉಳಿ ಎಲ್ಲಿಗೆ ಹೋಗಬೇಕು ಅಂತ ಹೇಳೋದು ಈ ಎಡಗೈ ಹೆಬ್ಬೆಟ್ಟು."

"ಬಟ್ಟೆ ಬದಲಾಯಿಸ್ತಾ ಇದ್ದರೆ ನಿಲ್ತದೆ" ಎಂದೆ.

ದಿನಾ ಬಂದು ಕಟ್ಟಿಸಿಕೊಳ್ಳಿ ಎಂದು ಹೇಳಬೇಕಿತ್ತು. ಆದರೆ ಅವರ ಬಿಡಾರದಿಂದ ಬಸ್ಸಿನ ದಾರಿಗೇ ಎರಡು ಗಂಟೆಯ ನಡಿಗೆ, ಬಸ್ಸು ದಿನಕ್ಕೊಂದು. ಮಳೆ ಹಿಡಿಯುವ ಮೊದಲು ಬಾಗಿಲುವಾಡ ನಿಲ್ಲಿಸಬೇಕೆಂಬ ಅವಸರ ಬೇರೆ. ಡಾಕ್ಟರು ವಾರಕ್ಕೊಮ್ಮೆ ಬನ್ನಿ ಎಂದರು. ನಾನು ಕಾಗದದಲ್ಲಿ ಸುತ್ತಿದ ಎಂಟು ಹಳದಿ ಬಟ್ಟೆಗಳನ್ನು ಆಕೆಯ ಕೈಗೆ ಕೊಟ್ಟು, ದಿನಕ್ಕೊಂದು ಕಟ್ಟಿ ಎಂದೆ. ಕಟ್ಟುವ ರೀತಿಯನ್ನು ತೋರಿಸಿದೆ. ಆಕೆ ಒಂದೇ ನೋಟಕ್ಕೆ ಕಲಿತರು. ನನಗಿಂತ ಅಚ್ಚುಕಟ್ಟಾಗಿ ಗಂಟು ಹಾಕಿ ತೋರಿಸಿದರು.

"ಎಷ್ಟು ತೆಳು ಬಟ್ಟೆ ತಮ್ಮಾ" ಎಂದು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಬೆಂಡಿನ ಸಿಪ್ಪೆಯ ಹಾಗಿದೆ."

ಅವತ್ತಿನಿಂದ ಆಕೆಗೆ ನಾನು ತಮ್ಮ, ನನಗೆ ಅವರು ಅಕ್ಕ.

ಒಂದು ವಾರದ ಮೇಲೆ ಬಂದರು. ಗಾಯ ಪರವಾಗಿಲ್ಲ, ಊತ ಇಳಿದಿತ್ತು. ಸೋದರತ್ತೆ ಇದ್ದಿದ್ದರೆ ಸಮಾಧಾನ ಆಗಿದೆ ಅನ್ನುತ್ತಿದ್ದಳು. ಆದರೆ ಕಟ್ಟು ಬಿಚ್ಚಿದಾಗ ನನಗೆ ಸಿಟ್ಟು ಬಂತು. ಒಳಗಿನ ಬಟ್ಟೆ ಹೆಚ್ಚುಕಮ್ಮಿ ಬಿಳಿಯಾಗಿತ್ತು. ದಿನಾ ಬದಲಾಯಿಸದೆ ಒಂದನ್ನೇ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಜಗಲಿಯಲ್ಲಿ ಹತ್ತಾರು ಜನ ಕೂತಿದ್ದರು. ಹೊಸ ಕೆಲಸ, ಹೊಸ ಅಧಿಕಾರ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಎಂತ ಅಕ್ಕ ಇದು? ಹಳದಿ ಹೋಯ್ತು ಅಂದ್ರೆ ಔಷಧಿ ಹೋಯ್ತು ಅಂತ ಅರ್ಥ. ಇನ್ನು ಮೇಲೆ ಹಳದಿ ಇಲ್ಲದ ಬಟ್ಟೆ ಕಟ್ಟಿಕೊಂಡು ನನ್ನ ಎದುರು ಬರಬೇಡಿ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಆಕೆ ಸೆರಗು ಸರಿಮಾಡಿಕೊಂಡು ಕೇಳಿದರು:

"ಹಳದಿ ಇರಬೇಕು. ಅಷ್ಟೇ ಅಲ್ದಾ?"

"ಅಷ್ಟೇ" ಎಂದೆ.

ಆ "ಅಷ್ಟೇ"ಯನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ವಾಪಸು ಕರೆದಿದ್ದೇನೋ! ಹಾಗೆ ಕರೆದರೆ ಬರುತ್ತದೆಯೇ? ಅವತ್ತು ಇನ್ನೆಂಟು ಬಟ್ಟೆ ಕೊಟ್ಟು ಕಳಿಸಿದೆ.

ಮುಂದಿನ ವಾರ ಬಂದಾಗ ಬಟ್ಟೆ ಹಳದಿ ಎಂದರೆ ಹಳದಿ. ಸೇವಂತಿಗೆಯ ಹಾಗೆ. ನನಗೆ ಸಂತೋಷವಾಯಿತು. ನನ್ನ ಗದರಿಕೆ ಕೆಲಸ ಮಾಡಿತು ಅಂದುಕೊಂಡೆ. ಆದರೆ ಬೆರಳು ಮತ್ತೆ ಊದಿತ್ತು. ಡಾಕ್ಟರು ಬಟ್ಟೆ ನೋಡಿದರು, ಬೆರಳು ನೋಡಿದರು. "ಡ್ರೆಸಿಂಗ್ ಸರಿಯಾಗಿದೆಯಲ್ಲ. ಒಳಗೆ ಇನ್ನೂ ಸಿಬಿರು ಇದೆಯೋ ಏನೋ" ಎಂದು ಮತ್ತೊಮ್ಮೆ ಕೆದಕಿದರು. ಪಾಪ, ಆ ಮನುಷ್ಯ ವಿನಾಕಾರಣ ಎರಡನೇ ಸಲ ಆ ನೋವು ತಿಂದರು. ಏನೂ ಸಿಗಲಿಲ್ಲ. ಸಲ್ಫಾ ಮಾತ್ರೆ ಬರೆದುಕೊಟ್ಟರು. ನಾನು ಮತ್ತೆ ಎಂಟು ಬಟ್ಟೆ ಕೊಟ್ಟೆ.

ಮೂರನೆಯ ಸಲ ಅವರು ವಾರ ತುಂಬುವ ಮೊದಲೇ ಬಂದರು. ಬಂದರು ಎನ್ನುವುದಕ್ಕಿಂತ, ಮುಳುಗಡೆಯ ಹಳ್ಳಿಯವರು ಬಸ್ಸಿನವರೆಗೆ ಹೊತ್ತು ತಂದರು. ಮೈ ಕಾದ ಹಂಚಿನ ಹಾಗಿತ್ತು. ಮಣಿಕಟ್ಟಿನಿಂದ ಮೇಲೆ ಒಂದು ಕೆಂಪು ಗೆರೆ ತೋಳಿನ ಒಳಮೈಯಲ್ಲಿ ಏರುತ್ತಿತ್ತು. ಆ ಗೆರೆ ಏನೆಂದು ನನಗೆ ಗೊತ್ತಿತ್ತು. ವಿಷ ರಕ್ತದ ದಾರಿ ಹಿಡಿದಿದೆ.

ಕಟ್ಟು ಬಿಚ್ಚಿದೆ. ಒಳಗಿನ ಬಟ್ಟೆ ಚೆನ್ನಾಗಿ ಹಳದಿ. ಆದರೆ ಗಾಯಕ್ಕೆ ಅಂಟಿಕೊಂಡಿತ್ತು. ನಾನು ಅದ್ದಿಕೊಡುವ ಹಳದಿ ಬಟ್ಟೆ ಅಷ್ಟು ಬಿಗಿಯಾಗಿ ಅಂಟುವುದಿಲ್ಲ. ಬದಿಯನ್ನು ಬೆರಳಲ್ಲಿ ಹಿಡಿದರೆ ಗರಿಗರಿ, ಒಣಗಿದ ಎಲೆಯ ಹಾಗೆ. ನೀರು ಹಾಕಿ ನೆನೆಸಿ ಬಿಡಿಸಿದೆ. ಬಿಡಿಸಿದ್ದನ್ನು ಬಿಳಿ ಪಿಂಗಾಣಿ ತಟ್ಟೆಯ ನೀರಿನಲ್ಲಿ ಹಾಕಿ, ಕಿಟಕಿಯ ಕಟ್ಟೆಯ ಮೇಲಿಟ್ಟೆ. ಬಣ್ಣ ಬಿಟ್ಟಿತು. ಹೊರಗಿನ ಬಿಸಿಲು ನೇರ ತಟ್ಟೆಯ ಮೇಲೆ ಬೀಳುತ್ತಿತ್ತು. ಎದುರಿನಿಂದ ನೋಡಿದೆ, ಓರೆಯಿಂದ ನೋಡಿದೆ, ಬಗ್ಗಿ ನೋಡಿದೆ. ಹಳದಿ ನೀರು ಹಳದಿಯಾಗಿಯೇ ಇತ್ತು. ಹಸಿರು ಹೊಳಪಿನ ಸುಳಿವೇ ಇಲ್ಲ.

ಆಕೆ ಆಗ ಹಿಂದಿನ ಬಾವಿಕಟ್ಟೆಯಲ್ಲಿ ಗಂಡನ ಹಣೆಗೆ ಹಾಕಲು ಬಟ್ಟೆ ಒದ್ದೆ ಮಾಡುತ್ತಿದ್ದರು. ನಾನು ಬೆಂಚಿನ ಮೇಲೆ ಮಲಗಿದ್ದವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ಈ ಬಟ್ಟೆ ನಾನು ಕೊಟ್ಟದ್ದಾ?"

"ನೀವು ಕೊಟ್ಟದ್ದೇ" ಎಂದರು ಕಣ್ಣು ಮುಚ್ಚಿಯೇ. "ಇವಳು ತೊಳೆದು ಮತ್ತೆ ಬಣ್ಣ ಕಟ್ಟಿದ್ದಾಳೆ, ಅಷ್ಟೇ. ಯಾಕೆ?"

"ತೊಳೆದದ್ದು ಯಾಕೆ? ಎಂಟೆಂಟು ಕೊಟ್ಟಿದ್ದೆನಲ್ಲ?"

"ಎಂಟು ಎಲ್ಲಿ ಉಳೀತದೆ ಕಂಪೌಂಡ್ರೆ." ಜ್ವರದಲ್ಲೂ ಅವರ ದನಿಯಲ್ಲಿ ಹೆಂಡತಿಯ ಬಗ್ಗೆ ಒಂದು ಹೆಮ್ಮೆ ಇತ್ತು. "ಅಲ್ಲಿ ಕಾಡು ಕಡಿಯೋ ಜನ. ಒಬ್ಬನಿಗೆ ಕೊಡಲಿ ತಾಗ್ತದೆ, ಒಬ್ಬಳಿಗೆ ಕೂಳೆ ಚುಚ್ತದೆ. ಇವಳಿಗೆ ನೋಡಿ ಸುಮ್ಮನೆ ಇರೋಕೆ ಆಗಲ್ಲ. ನಮಗೆ ಒಂದು ಸಾಕು, ತೊಳೆದುಕೊಂಡರಾಯ್ತು, ಅವರಿಗೆ ಯಾರಿದ್ದಾರೆ ಅಂತ ಎಲ್ಲ ಹಂಚಿದಳು. ಅಂಟುವಾಳದ ನೊರೆಯಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಮಡಿ ಬಟ್ಟೆಯ ಹಾಗೆ ಯಾರೂ ಮುಟ್ಟದ ಹಾಗೆ ಇಡ್ತಾಳೆ. ನೀವು ಹಳದಿ ಇರಬೇಕು ಅಂದ್ರಲ್ಲ. ಬಾಸಿಂಗಕ್ಕೆ ಹಾಕೋ ಹಳದಿ ಇತ್ತು. ನಿಮ್ಮ ಬಣ್ಣವೇ ಬರೋವರೆಗೂ ಮೂರು ಸಲ ಅದ್ದಿದಳು. ಬಣ್ಣ ನಿಲ್ಲಲಿ ಅಂತ ಒಂಚೂರು ತೆಳು ಗಂಜಿ ಸೇರಿಸ್ತಾಳೆ."

ನನ್ನ ಕೈ ತಟ್ಟೆಯ ಅಂಚಿನ ಮೇಲೇ ಇತ್ತು. ಗಂಜಿ. ಅನ್ನದ ತಿಳಿಯನ್ನು ಹೆಚ್ಚುಕಮ್ಮಿ ಎರಡು ವಾರ ಆ ತೆರೆದ ಗಾಯದ ಬಾಯಿಗೆ ಇಟ್ಟು ಕಟ್ಟಿದ್ದೆವು. ಕ್ರಿಮಿಯನ್ನು ತಡೆಯುವ ಬಟ್ಟೆ ಹೋಗಿ ಕ್ರಿಮಿಗೆ ಊಟ ಹಾಕುವ ಬಟ್ಟೆ ಬಂದಿತ್ತು.

ಅವರು ಕಣ್ಣು ತೆರೆದು ನನ್ನ ಮುಖ ನೋಡಿದರು. ಮರದಲ್ಲಿ ಒಳಗಿನ ಬಿರುಕನ್ನು ಹೊರಗಿನಿಂದ ಕಾಣುವವರು ಅವರು. ನನ್ನ ಮುಖ ಓದುವುದು ಎಷ್ಟು ಹೊತ್ತಿನ ಕೆಲಸ?

"ಇದರಿಂದಲೇ ಆಯ್ತಾ?"

ನಾನು ತಟ್ಟೆಯ ಕಡೆ ಮುಖ ತಿರುಗಿಸಿದೆ.

ಬಲಗೈಯಿಂದ ನನ್ನ ಮುಂಗೈ ಹಿಡಿದರು. ಜ್ವರದ ಹಿಡಿತ, ಸುಡುತ್ತಿತ್ತು. "ಅವಳಿಗೆ ಹೇಳಬೇಡಿ. ಸಿಬಿರಿನ ವಿಷ ಅಂತ ಹೇಳಿ. ನನ್ನ ಬೆರಳು ಅವಳ ಕೈಯಿಂದ ಹೋಯ್ತು ಅಂತ ತಿಳಿದರೆ, ಅವಳು ಇನ್ನು ಜನ್ಮದಲ್ಲಿ ಬೆಂಡು ಮುಟ್ಟಲ್ಲ. ನನಗೆ ಗೊತ್ತು ಅವಳು."

ಅಷ್ಟರಲ್ಲಿ ಆಕೆ ಒಳಗೆ ಬಂದರು. "ಎಂತ ಹೇಳ್ತಿದ್ದಾರೆ ತಮ್ಮಾ ಇವರು?"

"ಗುಡಿಯ ಬಾಗಿಲ ವಿಷಯ ಅಕ್ಕ" ಎಂದೆ. ಅದು ನಾನು ಆಕೆಗೆ ಹೇಳಿದ ಮೊದಲ ಸುಳ್ಳು.

ಡಾಕ್ಟರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಬಟ್ಟೆಯನ್ನು ಹಂಚಿದ್ದು, ತೊಳೆದದ್ದು, ಬಣ್ಣ, ಗಂಜಿ. ಜಗಲಿಯ ಜನರ ಎದುರು ನಾನು ಗದರಿದ್ದು. ಕೊನೆಗೆ ಆ "ಅಷ್ಟೇ." ಬಯ್ಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಪಿಂಗಾಣಿ ತಟ್ಟೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೀನು ಹಳದಿ ನೋಡಿ ಅಂತ ಹೇಳಿಕೊಟ್ಟೆ" ಎಂದರು ಕೊನೆಗೆ. "ಅವಳು ಹಳದಿ ತೋರಿಸಿದಳು. ನಾನೂ ಹಳದಿಯನ್ನೇ ನೋಡಿ ಸರಿಯಿದೆ ಅಂದೆ. ಮೂರು ಜನರಲ್ಲಿ ಔಷಧಿಯನ್ನ ನೋಡಿದವರು ಯಾರು ಮಾರಾಯ?"

ಹಿಂದಿನ ಕೋಣೆಯಲ್ಲಿ ಗುಡಿಗಾರರನ್ನು ಮಲಗಿಸಿದೆವು. ಗೆರೆ ಮೊಣಕೈ ದಾಟಿದರೆ ತೋಳಿಗೇ ಅಪಾಯ, ಜೀವಕ್ಕೂ ಅಪಾಯ ಎಂದರು ಡಾಕ್ಟರು. ಪೆನಿಸಿಲಿನ್ ಇಂಜೆಕ್ಷನ್ ಶುರುವಾಯಿತು. ಗೆರೆಯ ತುದಿಗೆ ನಾನು ಶಾಯಿಯಲ್ಲಿ ಒಂದು ಗುರುತು ಹಾಕಿದೆ. ದಿನಕ್ಕೆ ಮೂರು ಸಲ ಹೊಸ ಹಳದಿ ಬಟ್ಟೆ. ಪ್ರತಿ ಸಲ ಹಳೆಯದನ್ನು ಆಕೆಯ ಕಣ್ಣೆದುರೇ ಇಕ್ಕಳದಲ್ಲಿ ಹಿಡಿದು ಕೆಂಡದ ಡಬ್ಬಿಗೆ ಹಾಕುತ್ತಿದ್ದೆ. ಚುರ್ ಎಂದು ಸುಟ್ಟುಹೋಗುತ್ತಿತ್ತು. ಆಕೆ ನೋಡುತ್ತಿದ್ದರು. ಎರಡನೆಯ ದಿನ ತಡೆಯಲಾಗದೆ ಕೇಳಿದರು:

"ಇಷ್ಟು ಒಳ್ಳೆ ಬಟ್ಟೆ. ಒಂದೇ ಸಲಕ್ಕೆ ಸುಡೋದಾ ತಮ್ಮಾ?"

"ಆಸ್ಪತ್ರೆ ರೂಲ್ಸು ಅಕ್ಕ."

"ಮೊದಲು ಇರಲಿಲ್ಲ ಈ ರೂಲ್ಸು?"

"ಈಗ ಬಂದದ್ದು."

ಆಕೆ ಡಬ್ಬಿಯ ಕಡೆ ನೋಡಿದರು. ನನ್ನ ಕಡೆ ನೋಡಿದರು. ಮತ್ತೆ ಕೇಳಲಿಲ್ಲ. ನಾನು ಬಟ್ಟೆ ಅದ್ದುವಾಗ ಮಾತ್ರ ಹತ್ತಿರ ಬಂದು ನಿಲ್ಲುತ್ತಿದ್ದರು. ಒಂದು ಸಲ ಬೋಗುಣಿಯ ನೀರಿನ ಮೇಲೆ ಕಿಟಕಿಯ ಬಿಸಿಲು ಬಿದ್ದಾಗ "ಹಸಿರು ಹೊಡೀತದಲ್ಲ ಇದು" ಎಂದರು ತಮಗೆ ತಾವೇ. ಬಣ್ಣದ ಜೊತೆಗೇ ಬದುಕಿದ ಕಣ್ಣು ಅದು. ನಾನು ಕೇಳಿಸದವನ ಹಾಗೆ ಹಿಂಡುತ್ತಾ ಇದ್ದೆ.

ಮೂರನೆಯ ದಿನ ಗೆರೆ ಶಾಯಿಯ ಗುರುತಿನಿಂದ ಒಂದು ಬೆರಳು ಹಿಂದೆ ಸರಿಯಿತು. ನಾಲ್ಕನೆಯ ದಿನ ಜ್ವರ ಇಳಿಯಿತು. ಕೈ ಉಳಿಯಿತು. ಆದರೆ ಹೆಬ್ಬೆರಳಿನ ತುದಿಯ ಎಲುಬು ಆಗಲೇ ಕಪ್ಪಾಗಿತ್ತು. ಡಾಕ್ಟರ ಕಾಗದ ಹಿಡಿದು ನಾನೇ ಅವರಿಬ್ಬರನ್ನೂ ಸಾಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮೇಲಿನ ಗೆಣ್ಣನ್ನು ತೆಗೆದರು. ಹೊರಗಿನ ಬೆಂಚಿನಲ್ಲಿ ಆಕೆ ಮತ್ತು ನಾನು ಕೂತಿದ್ದೆವು. ಆಕೆಯ ಮಡಿಲಲ್ಲಿ ಕೈಗಳು ಎರಡೂ ಮಗುಚಿ ಬಿದ್ದಿದ್ದವು, ಅಂಗೈ ಮೇಲಾಗಿ. ಬೆರಳ ತುದಿಗಳ ಗೆರೆಯಲ್ಲಿ ಇನ್ನೂ ಹಳದಿ ಇತ್ತು. ಬಾಸಿಂಗದ ಬಣ್ಣ ಬೇಗ ಹೋಗುವುದಿಲ್ಲ.

ಅಂದು ಹೇಳಿಬಿಡಬೇಕಿತ್ತೇ? ಹೇಳುವುದಾದರೆ ಮೊದಲು ನನ್ನ ತಪ್ಪಿನಿಂದ ಶುರುಮಾಡಬೇಕಿತ್ತು. ಅದಕ್ಕೂ ಧೈರ್ಯವಿರಲಿಲ್ಲ ಎಂಬುದು ನಿಜ. ಗಂಡನ ಮಾತು ಉಳಿಸಿದೆ ಎಂದು ನಾನು ಅಂದುಕೊಂಡದ್ದರಲ್ಲಿ ಎಷ್ಟು ಪಾಲು ನನ್ನ ಮುಖ ಉಳಿಸಿಕೊಂಡದ್ದು ಎಂದು ಇವತ್ತಿಗೂ ಸರಿಯಾಗಿ ಬೇರೆ ಮಾಡಲಾರೆ.

ಮಳೆಗೆ ಮೊದಲು ಹೊಸ ಗುಡಿಯಲ್ಲಿ ಅಮ್ಮನವರನ್ನು ಕೂರಿಸಿದರು. ಡಾಕ್ಟರಿಗೂ ನನಗೂ ಹೇಳಿಕಳಿಸಿದ್ದರು. ಡಾಕ್ಟರಿಗೆ ಬಿಡುವಾಗಲಿಲ್ಲ, ನಾನು ಹೋದೆ. ಸಣ್ಣ ಗುಡಿ, ಗೋಡೆ ಇನ್ನೂ ಹಸಿ ಮಣ್ಣಿನ ವಾಸನೆ. ಬಾಗಿಲುವಾಡ ಮಾತ್ರ ನಿಂತಿತ್ತು. ಎಡಗಡೆಯ ಕಂಬದಲ್ಲಿ ಬಳ್ಳಿ ಹತ್ತಿತ್ತು, ಎಲೆಯ ನರ ಕೂಡ ಕಾಣುವಷ್ಟು ಸೂಕ್ಷ್ಮವಾಗಿ. ಬಲಗಡೆಯ ಕಂಬದಲ್ಲಿ ಅದೇ ಬಳ್ಳಿ ಅರ್ಧ ದೂರ ಹಾಗೇ ಹತ್ತಿ, ಆಮೇಲೆ ಎಲೆ ದೊಡ್ಡದಾಗಿ, ನರ ಇಲ್ಲದೆ, ನಯವಾಗಿ ಮುಂದುವರಿದಿತ್ತು. ಊರವರಿಗೆ ಅದು ಕಾಣಲಿಲ್ಲ. ಕಂಡವರು ಹೀಗೇ ಮಾಡುವ ಪದ್ಧತಿಯೇನೋ ಅಂದುಕೊಂಡಿರಬೇಕು. ನನಗೆ ಎಲ್ಲಿಂದ ಎಲೆ ದೊಡ್ಡದಾಯಿತೋ ಅಲ್ಲಿಗೇ ಕಣ್ಣು ಹೋಗಿ ನಿಂತಿತು.

"ಹೆಂಗಿದೆ ಕಂಪೌಂಡ್ರೆ?" ಗುಡಿಗಾರರು ಪಕ್ಕದಲ್ಲಿ ಬಂದು ನಿಂತು ಕೇಳಿದರು. ಎಡಗೈಯನ್ನು ಶಲ್ಯದೊಳಗೆ ಇಟ್ಟುಕೊಂಡಿದ್ದರು. "ಉಳಿಯನ್ನ ಈಗ ಎರಡು ಬೆರಳ ಸಂದಿಯಲ್ಲಿ ಹಿಡೀತೀನಿ. ದಾರಂದಕ್ಕೆ ಸಾಕು. ಗಂಧದ ಕೆಲಸ ಬಿಟ್ಟೆ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ಬಸ್ಸು ತಪ್ಪಿತು ಎಂದ ಹಾಗೆ.

ಊಟದ ಹೊತ್ತಿಗೆ ಹಳ್ಳಿಯ ನಾಲ್ಕೈದು ಮಂದಿ ನನ್ನ ಸುತ್ತ ಬಂದರು. ಒಬ್ಬ ಮೊಣಕಾಲಿನ ಕೆಳಗಿನ ಕೊಡಲಿಯ ಗಾಯದ ಗುರುತು ತೋರಿಸಿದ. ಒಬ್ಬ ಮುದುಕಿ ಅಂಗಾಲು ಎತ್ತಿ ತೋರಿಸಿದಳು. "ಈ ಅಮ್ಮನ ಹಳದಿ ಬಟ್ಟೆಯಲ್ಲಿ ಹೆಂಗೆ ಮಾಯ್ತು ನೋಡಿ! ಒಂದೇ ಕಟ್ಟಿಗೆ!" ಎಲ್ಲ ಗಾಯಗಳೂ ಚೆನ್ನಾಗಿ ಮಾಯ್ದಿದ್ದವು. ನಾನು ಕೈಯಾರೆ ಅದ್ದಿದ ಔಷಧಿಯ ಬಟ್ಟೆ ಹೊಸದಾಗಿ ಹೋಗಿ ಸೇರಿದ್ದು ಆ ಕಾಲುಗಳನ್ನಲ್ಲವೇ?

ಆಕೆ ಬಾಳೆಎಲೆ ಹಾಕುತ್ತಾ ಇದ್ದವರು ನಿಂತರು. ಅವರೆಲ್ಲ ಎದ್ದುಹೋದ ಮೇಲೆ ನನ್ನ ಎದುರು ಕೂತು ಮೆಲ್ಲಗೆ ಕೇಳಿದರು:

"ಒಂದೇ ಬಟ್ಟೆ ತಮ್ಮಾ. ಇವರಿಗೆಲ್ಲ ವಾಸಿ ಆಯ್ತು. ಅವರಿಗೆ ಮಾತ್ರ ಯಾಕೆ ಆಗ್ಲಿಲ್ಲ?"

ನಾನು ಆಚೆ ನೋಡಿದೆ. ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ ಗಂಡ ಅಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಮಾತು ಕೇಳುವಷ್ಟು ಹತ್ತಿರ ಇರಲಿಲ್ಲ. ಆದರೂ ನೋಡುತ್ತಿದ್ದರು.

"ಸಿಬಿರು ಎಲುಬಿಗೆ ತಾಗಿತ್ತು ಅಕ್ಕ. ಬಟ್ಟೆ ಎಷ್ಟು ಒಳ್ಳೇದಿದ್ರೂ ಅದು ಅಲ್ಲಿಯವರೆಗೆ ಹೋಗಲ್ಲ."

"ಹೌದಾ."

ಅಷ್ಟು ಹೇಳಿ, ಎಲೆಗೆ ಉಪ್ಪು ಬಡಿಸಿ ಎದ್ದರು. ಅದು ಮೂರನೆಯ ಸುಳ್ಳು.

ಅವರು ಸಾಗರಕ್ಕೆ ಹಿಂದಿರುಗಲಿಲ್ಲ. ಗಂಧದ ಕೆಲಸ ಇಲ್ಲದ ಮೇಲೆ ಅಲ್ಲೇನು ಎಂದು ಆ ಹೊಸ ಹಳ್ಳಿಯಲ್ಲೇ ಉಳಿದರು. ಮನೆಗಳಿಗೆ ಬಾಗಿಲು, ದಾರಂದ, ಮಣೆ ಮಾಡಿಕೊಡುತ್ತಾರೆ ಎಂದು ಕೇಳಿದೆ. ಕೆಳಗಿನ ಹಳೆಯ ಊರಿನ ಮೇಲೆ ನೀರು ನಿಂತಿತು. ನಮ್ಮ ಔಷಧಾಲಯಕ್ಕೆ ಬರುವ ದಾರಿ ಸುತ್ತಾಯಿತು. ಅವರನ್ನು ಮತ್ತೆ ಕಾಣುವ ಸಂದರ್ಭ ಒದಗಲಿಲ್ಲ. ಒದಗಿಸಿಕೊಳ್ಳಲಿಲ್ಲ ಎಂದರೇ ಸರಿ.

ನಾನು ಬದಲಾದೆ. ಹಳದಿ ಬಟ್ಟೆ ಕೊಡುವಾಗ ಬಾಯಿ ನೋಯುವಷ್ಟು ಹೇಳಲು ಶುರುಮಾಡಿದೆ. ಒಂದು ಕಟ್ಟಿಗೆ ಒಂದೇ. ಬಿಚ್ಚಿದ್ದು ಬೆಂಕಿಗೆ. ಔಷಧಿ ಇರುವುದು ಎಳೆಯ ಒಳಗೆ, ಬಣ್ಣದಲ್ಲಿ ಅಲ್ಲ. ಬೇರೆ ಯಾರಿಗಾದರೂ ಬೇಕಾದರೆ ಇಲ್ಲಿಗೆ ಕಳಿಸಿ, ಅವರಿಗೂ ಕೊಡುತ್ತೇನೆ. ಜನ ತಲೆ ಆಡಿಸುತ್ತಿದ್ದರು, ಕೆಲವರು ಆಕಳಿಸುತ್ತಿದ್ದರು. "ಇವರ ಭಾಗವತಿಕೆ ಮುಗಿಯೋಷ್ಟರಲ್ಲಿ ಗಾಯವೇ ಮಾಯ್ತದೆ" ಎಂದು ಒಬ್ಬರು ನಗೆಯಾಡಿದ್ದೂ ಉಂಟು.

ಮೂರು ವರ್ಷವಾಗಿರಬೇಕು. ನನಗೆ ತೀರ್ಥಹಳ್ಳಿಯ ಕಡೆಗೆ ವರ್ಗವಾಗಿ, ಹೊರಡಲು ಕೆಲವೇ ದಿನ ಇತ್ತು. ಆ ಕಾಡಂಚಿನ ಹಳ್ಳಿಯಿಂದ ಒಬ್ಬ ಮುದುಕರು ಬಂದರು, ಅಂಗೈಗೆ ಕತ್ತಿ ತಾಗಿಸಿಕೊಂಡು. ಹೊಲಿಗೆ ಹಾಕಿ, ಕಟ್ಟಿ, ಹಳದಿ ಬಟ್ಟೆಯ ಪೊಟ್ಟಣ ಕೈಗಿಟ್ಟು, ಎಂದಿನಂತೆ ಶುರುಮಾಡಿದೆ: "ನೋಡಿ ಅಜ್ಜಾರೆ, ಇದನ್ನ..."

"ಗೊತ್ತು ಮಾರಾಯ್ರೆ" ಎಂದು ಕೈ ಅಡ್ಡ ಹಿಡಿದರು. "ತೊಳೀಬಾರ್ದು. ಒಂದು ಸಲ ಕಟ್ಟಿದ್ದು ಸುಡಬೇಕು. ಗಂಜಿ ಹತ್ರ ಸುಳಿಸಬಾರ್ದು. ಬಣ್ಣ ನೋಡಿ ನಂಬಬಾರ್ದು, ನೀರಿಗೆ ಹಾಕಿದ್ರೆ ಹಸಿರು ಹೊಡೀಬೇಕು. ಗುಡಿಗಾರರ ಮನೆ ಅಮ್ಮ ನಮ್ಮ ಊರಿನ ಮನೆಮನೆಗೂ ಹೋಗಿ ಹೇಳಿದ್ದಾರೆ. ಮಕ್ಕಳು ಕೂಡ ಬಾಯಿಪಾಠ ಹೇಳ್ತಾವೆ."

ನನ್ನ ಕೈಯಲ್ಲಿ ಕತ್ತರಿ ಇತ್ತು. ಮೇಜಿನ ಮೇಲೆ ಇಟ್ಟೆ.

"ಅವರಿಗೆ ಯಾರು ಹೇಳಿದ್ರಂತೆ ಇದನ್ನೆಲ್ಲ?"

"ನಾನೂ ಕೇಳಿದ್ದೆ. ನಮ್ಮ ಕಂಪೌಂಡರ್ ತಮ್ಮ ಹೇಳಿಕೊಟ್ಟದ್ದು ಅಂದ್ರು."

ಹೊರಗೆ ಜಗಲಿಯಲ್ಲಿ ಯಾರದೋ ಮಗು ಅಳುತ್ತಿತ್ತು. ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಕೆಂಡದ ಡಬ್ಬಿಗೆ ಬೀಳುತ್ತಿದ್ದ ಬಟ್ಟೆಯನ್ನು ನೋಡಿ, ಬೋಗುಣಿಯ ಮೇಲಿನ ಹಸಿರು ನೋಡಿ, ಆ ಮಾಯ್ದ ಕಾಲುಗಳನ್ನು ನೋಡಿ, ಒಂದೊಂದಾಗಿ ಜೋಡಿಸಿಕೊಂಡು, ಆಕೆ ಒಬ್ಬರೇ ನಿಜಕ್ಕೆ ತಲುಪಿದ್ದರು. ತಲುಪಿದ ಮೇಲೆ ಗಂಡನಿಗೆ ಹೇಳಿದರೋ ಇಲ್ಲವೋ, ನನ್ನನ್ನಂತೂ ಕೇಳಲಿಲ್ಲ. ನಾನು ಹೇಳಬೇಕಿದ್ದ ಮಾತನ್ನು ನನ್ನ ಹೆಸರಿನಲ್ಲೇ ಊರಿಗೆ ಹಂಚಿದ್ದರು, ಹಿಂದೆ ಬಟ್ಟೆ ಹಂಚಿದ ಹಾಗೆಯೇ.

"ಅವರು ಈಗಲೂ ಬಾಸಿಂಗ ಕಟ್ತಾರಾ?" ಎಂದು ಕೇಳಿದೆ.

"ಕಟ್ಟದೆ? ಹೋದ ತಿಂಗಳು ನನ್ನ ಮೊಮ್ಮಗಳ ಮದುವೆಗೂ ಅವರದ್ದೇ." ಮುದುಕರು ಪೊಟ್ಟಣವನ್ನು ಪಂಚೆಯ ಗಂಟಿನಲ್ಲಿ ಸೇರಿಸುತ್ತಾ ಎದ್ದರು. "ಕೈ ಅಂದ್ರೆ ಕೈ. ಆದ್ರೆ ಕೆಂಪು, ಬಿಳಿ ಎರಡೇ ಹಾಕ್ತಾರೆ. ಮದುವೆ ಬಾಸಿಂಗ ಅಲ್ದಾ, ಒಂಚೂರು ಹಳದಿ ಹಾಕಿ ಅಮ್ಮ ಅಂತ ಎಷ್ಟು ಕೇಳಿದ್ರೂ ಇಲ್ಲ. ಹಳದಿ ಬಿಟ್ಟಿದ್ದೀನಿ ಅಂತಾರೆ. ಯಾಕೋ ಗೊತ್ತಿಲ್ಲ."